ನಿಂಗೆ ಗೊತ್ತಿರೋದೇ

ಮೂರನೆಯದೂ ತಪ್ಪಾಯಿತು. ಪಾಸ್‌ವರ್ಡ್ ಸರಿಯಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ ಎಂದು ಲ್ಯಾಪ್‌ಟಾಪು ಹೇಳಿತು. ಅದಕ್ಕೇನು, ದಿನವಿಡೀ ಹಾಗೇ ಹೇಳುತ್ತಾ ಕೂರಬಲ್ಲದು. ಅವನು ಮೊದಲು ಮದುವೆಯ ತಾರೀಖು ಹಾಕಿ ನೋಡಿದ್ದ. ಆಮೇಲೆ ಹೆಂಡತಿಯ ಹುಟ್ಟಿದ ದಿನ. ಕೊನೆಗೆ, ಸ್ವಲ್ಪ ನಾಚಿಕೆಪಟ್ಟುಕೊಂಡೇ, ತನ್ನ ಹೆಸರು.

"ಏನು ಅಂತ ಹೇಳಬಾರದಾ?" ಎಂದು ಕೂಗಿ ಕೇಳಿದ.

"ನಿಂಗೆ ಗೊತ್ತಿರೋದೇ," ಎಂದಳು ಹೆಂಡತಿ ಅಡುಗೆಮನೆಯಿಂದ.

ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ. ಬೆಳಿಗ್ಗೆ ರಸ್ತೆ ಅಗೆಯುವವರು ಮನೆಯ ನೆಟ್ಟಿನ ಕೇಬಲ್ಲನ್ನು ಕಡಿದು ಹಾಕಿ, ಇನ್ನೊಂದು ಬೀದಿ ಅಗೆಯಲು ಹೋಗಿದ್ದರು. ಅವನ ಫೋನಿನ ಕಂಪನಿಗೆ ಈ ಮನೆಯ ಮೇಲೆ ಮೊದಲಿನಿಂದಲೂ ಏನೋ ಮುನಿಸು. ಬಚ್ಚಲಲ್ಲಿ ನಿಂತರೆ ಮಾತ್ರ ಸಿಗ್ನಲ್ಲು. ಉಳಿದದ್ದು ಹೆಂಡತಿಯ ಫೋನು. ಅದನ್ನು ಮನೆಯೊಳಗಿನ ನಡು ಓಣಿಯ ಕಿಟಕಿಕಟ್ಟೆಯ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಿದರೆ, ಪಕ್ಕದ ಮನೆಯ ನಲ್ಲಿಯಿಂದ ಪೈಪು ಎಳೆದುಕೊಂಡ ಹಾಗೆ, ಇವನ ಕೋಣೆಯ ಲ್ಯಾಪ್‌ಟಾಪಿಗೆ ನೆಟ್ ಬರಬಹುದಿತ್ತು. ಪರದೆಯ ಪಟ್ಟಿಯಲ್ಲಿ ಅವಳ ಫೋನಿನ ಹೆಸರು ಕಾಣುತ್ತಿತ್ತು: ಹಲ್ಲುರಾಣಿ. ಮದುವೆಯಾದ ಹೊಸತರಲ್ಲಿ ಅವನೇ ಇಟ್ಟ ಅಡ್ಡಹೆಸರು. ಅದನ್ನು ಅವಳು ಇನ್ನೂ ಇಟ್ಟುಕೊಂಡಿದ್ದು ನೋಡಿ ಅವನಿಗೆ ಯಾಕೋ ಕಸಿವಿಸಿಯಾಯಿತು.

ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಅವನ ಭುಜದ ಮೇಲಿಂದ ಬಗ್ಗಿ ತಾನೇ ಒತ್ತಿದಳು. ಪರದೆಯ ಮೇಲೆ ಬರಿಯ ಚುಕ್ಕೆಗಳು ಬಿದ್ದವು. ಬೆರಳು ಎಲ್ಲೆಲ್ಲಿ ಹೋಯಿತು ಎಂದು ನೋಡಿದ್ದರೆ ತಿಳಿಯುತ್ತಿತ್ತು. ಅವನು ನೋಡಿದ್ದು ಅವಳ ಉಗುರಿನ ಸಂದಿಯಲ್ಲಿ ಅಂಟಿಕೊಂಡಿದ್ದ ಗುಲಾಬಿ ಬಣ್ಣದ ಮೇಣವನ್ನು. ಅವಳು ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಊರಲ್ಲಿ ಎಷ್ಟು ಮುದುಕರ ನಗು ಅವಳ ಕೈಯದೋ ಲೆಕ್ಕವಿಲ್ಲ.

ಮಧ್ಯಾಹ್ನದ ಪಾಳಿಗೆ ಹೊರಡಬೇಕು, ಅಷ್ಟರೊಳಗೆ ಮುಗಿಸು ಎಂದಳು. ಲ್ಯಾಬಿನಿಂದ ಫೋನ್ ಬಂದರೆ ಎತ್ತಲೇಬೇಕು, ತನ್ನದು ಹಳೇ ಫೋನು, ಮಾತಾಡುವಷ್ಟು ಹೊತ್ತೂ ನೆಟ್ ಇರುವುದಿಲ್ಲ ಎಂದೂ ಹೇಳಿದಳು. ಅವನು ಆಗಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ. ಏನೂ ಕೇಳಿಸಿರಲಿಲ್ಲ. ಹ್ಞೂಂ ಎಂದ.

ಅವನು ದುಭಾಷಿ. ಆಸ್ಪತ್ರೆಗೆ, ಕೋರ್ಟಿಗೆ, ವಿಮೆ ಕಚೇರಿಗೆ, ಯಾರಿಗೆ ಬೇಕೋ ಅವರಿಗೆ ಮನೆಯಲ್ಲೇ ಕೂತು ಮಾತು ದಾಟಿಸುತ್ತಿದ್ದ. ಆ ಕಸುಬಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. 'ಅವರಿಗೆ ಹೊಟ್ಟೆ ನೋವಂತೆ' ಎನ್ನಬಾರದು. 'ನನಗೆ ಹೊಟ್ಟೆ ನೋವು' ಎನ್ನಬೇಕು. ಯಾರು ಮಾತಾಡಿದರೆ ಅವರೇ ನಾನು. ದುಭಾಷಿ ಎನ್ನುವವನು ಅಲ್ಲಿ ಇರಲೇಕೂಡದು. ಈ ಕೆಲಸ ಅವನಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಹಾಗಾದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಅವನು ಯೋಚಿಸಲು ಹೋಗಿರಲಿಲ್ಲ.

ಮೊದಮೊದಲು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳುತ್ತಿದ್ದಳು, "ಇವತ್ತು ಯಾರಾಗಿದ್ದೆ?" ಮೂತ್ರಪಿಂಡದಲ್ಲಿ ಕಲ್ಲಿರುವ ಮುದುಕ ಎಂದರೆ, ಹಾಗಾದರೆ ಇನ್ನೊಂದು ಲೋಟ ನೀರು ಕುಡಿ ಎನ್ನುತ್ತಿದ್ದಳು. ಪಾಸ್‌ಪೋರ್ಟು ಕಳಕೊಂಡ ಹೆಂಗಸು ಎಂದರೆ, ನೀನು ಯಾರು ಅಂತಲೇ ಗೊತ್ತಿಲ್ಲ, ಊಟ ಹೇಗೆ ಬಡಿಸಲಿ ಎನ್ನುತ್ತಿದ್ದಳು. ಅವಳು ಕೇಳುವುದನ್ನು ಯಾವಾಗ ಬಿಟ್ಟಳೋ ಅವನ ಗಮನಕ್ಕೆ ಬಂದಿರಲಿಲ್ಲ.

ಇವತ್ತು ಪರದೆಯಲ್ಲಿದ್ದವರು ಮೂವರು. ಒಬ್ಬ ಹಡಗಿನ ಅಡುಗೆಯವ. ಅವನ ಹೆಂಡತಿ, ಆಸ್ಪತ್ರೆಯಲ್ಲಿ ದಾದಿ. ಇಬ್ಬರ ನಡುವೆ ಒಬ್ಬ ಸಲಹೆಗಾರ್ತಿ. ಮದುವೆ ಮುರಿಯುವ ಮುಂಚೆ ಇವರ ಹತ್ತಿರ ಒಂದು ಸಲ ಮಾತಾಡಿ ಬನ್ನಿ ಎಂದು ಕೋರ್ಟು ಕಳಿಸಿತ್ತು. ಅಡುಗೆಯವನ ಭಾಷೆ ಬೇರೆ, ದಾದಿಯದು ಇವನ ಮನೆಮಾತೇ. ಬಂದರಿನಲ್ಲಿ ಕಲಿತ ಒಂದು ಹರಕುಮುರುಕು ಭಾಷೆಯಲ್ಲಿ ಇಷ್ಟು ವರ್ಷ ಸಂಸಾರ ನಡೆದಿತ್ತು. ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದಕ್ಕೆ ಅದು ಸಾಕು. ಬಿಟ್ಟುಹೋಗುವುದಕ್ಕೆ ಸಾಲದು. ಅದಕ್ಕೇ ಸಲಹೆಗಾರ್ತಿ ನೀವಿಬ್ಬರೂ ನಿಮ್ಮ ನಿಮ್ಮ ತಾಯಿನುಡಿಯಲ್ಲೇ ಹೇಳಿಕೊಳ್ಳಿ ಎಂದಿದ್ದಳು.

ಅಡುಗೆಯವ ನಿಧಾನದ ಆಸಾಮಿ. ಒಂದು ಮಾತು, ಆಮೇಲೆ ದೊಡ್ಡ ಮೌನ, ಮತ್ತೊಂದು ಮಾತು. ದುಭಾಷಿ ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡರೆ ಮಾತು ತಾನಾಗಿ ಬರುತ್ತಿತ್ತು. ಮಧ್ಯಾಹ್ನದ ಬಿಸಿಲು ಪರದೆಬಟ್ಟೆಯೊಳಗಿಂದ ಸೋಸಿ ಬಂದು ರೆಪ್ಪೆಯ ಮೇಲೆ ಕೂತಿತ್ತು. ಕೋಣೆ ಮೆಲ್ಲಗೆ ಎಲ್ಲಿಗೋ ತೇಲಿ ಹೊರಟಂತಿತ್ತು.

"ಹಡಗಲ್ಲಿದ್ದಾಗ ನೀನು ನೆನಪಾಗ್ತಿದ್ದೆ," ಎಂದ ಅವನು, ಅಡುಗೆಯವನಾಗಿ. "ಮನೆಗೆ ಬಂದ್ಮೇಲೆ ನೆನಪಾಗೋದು ನಿಂತೋಯ್ತು. ಎದುರಿಗೇ ಇರ್ತೀಯಲ್ಲ."

ಮೌನ. ದೂರದಲ್ಲೆಲ್ಲೋ ಒಂದು ಫೋನು ಸದ್ದು ಮಾಡಿ ನಿಂತಂತಾಯಿತು. ಅಡುಗೆಯವನ ಕಡೆಯದಿರಬೇಕು. ಮೌನ ಬೆಳೆಯಿತು. ಅದರೊಳಗಿಂದ ಮುಂದಿನ ಮಾತು ಬಂತು. ಬಂದೇ ಬಂತು ಎಂದು ಅವನು ಆಮೇಲೂ ಆಣೆ ಮಾಡಿ ಹೇಳಬಲ್ಲವನಾಗಿದ್ದ.

"ನೀನು ಏನಾದ್ರೂ ಕೇಳಿದ್ರೆ ಉತ್ತರ ಹೇಳ್ತೀನಿ. ಹೇಳ್ತಿರೋದು ಯಾರು ಅಂತ ನಂಗೇ ಗೊತ್ತಾಗಲ್ಲ. ಮನೆಗೆ ಬಂದಾಗ ಬೀಗ ತೆಗೆಯೋ ಮುಂಚೆ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತ್ಕೋತೀನಿ. ನೀನು ಒಳಗೆ ಇರಬಾರದು ಅಂತಲ್ಲ. ಇದ್ರೂ ಇಲ್ದಿದ್ರೂ ಒಂದೇ ಅನ್ಸುತ್ತೆ. ಅದಕ್ಕೆ ಭಯ ಆಗಿ ನಿಂತ್ಕೋತೀನಿ."

ಎದೆ ಹಗುರಾಯಿತು. ಎಷ್ಟೋ ದಿನದಿಂದ ಇಂಥ ಸುಲಲಿತವಾದ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಅಡುಗೆಯವ ಅಕ್ಷರ ಬಲ್ಲವನೋ ಅಲ್ಲವೋ, ಮಾತು ಬಲ್ಲವನು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ಕಣ್ಣು ತೆರೆದ.

ಪರದೆಯ ಮೇಲೆ ಅಡುಗೆಯವ ಬಾಯಿ ಅರ್ಧ ತೆರೆದು ಕಲ್ಲಾಗಿದ್ದ. ಸಲಹೆಗಾರ್ತಿಯ ಪೆನ್ನು ಗಾಳಿಯಲ್ಲೇ ನಿಂತಿತ್ತು. ದಾದಿಯ ಮುಖ ಚೌಕಚೌಕವಾಗಿ ಒಡೆದುಹೋಗಿತ್ತು.

ಕೋಣೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಫೋನು.

ಅವನು ಇಯರ್‌ಫೋನ್ ತೆಗೆದ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ಇವತ್ತು ಯಾರಾಗಿದ್ದೆ?" ಎಂದಳು.

"ಹಡಗಿನ ಅಡುಗೆಯವ."

"ಎಷ್ಟು ಹೊತ್ತಿನವರೆಗೆ?"

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ತೋರಿಸಲು ಹುಬ್ಬು ಏರಿಸಿದ.

"ಲ್ಯಾಬಿಂದ ಫೋನ್ ಬಂದಿತ್ತು. ಮಾತಾಡ್ತಾ ಇಲ್ಲೇ ಓಣಿಯಲ್ಲಿ ನಿಂತಿದ್ದೆ. ನೆಟ್ ಹೋಗಿ ಎಷ್ಟೊತ್ತಾಯ್ತು. ನೀನು ಹೇಳ್ತಾನೇ ಇದ್ದೆ."

"ಅವನು ಹೇಳಿದ್ದು," ಎಂದ. "ನಿಯಮ ಗೊತ್ತಲ್ಲ ನಿಂಗೆ. ನಾನು ಅಂದ್ರೆ ನಾನಲ್ಲ."

"ಗೊತ್ತು," ಎಂದಳು. ಅವನ ಮಾತಿಗೋ ತನ್ನೊಳಗಿನ ಯಾವುದಕ್ಕೋ ತಲೆಯಾಡಿಸಿದಳು. ತಟ್ಟೆ ಮುಚ್ಚಿಟ್ಟಿದೀನಿ, ತಿನ್ನು ಎಂದಳು. ದಿನಾ ಹೇಳುವ ಮಾತೇ. ಆಮೇಲೆ ಚಪ್ಪಲಿಯ ಸದ್ದು, ಮುಂಬಾಗಿಲ ಸದ್ದು.

ಅಷ್ಟರಲ್ಲಿ ಪರದೆ ಒಮ್ಮೆ ಮಿಸುಕಾಡಿತು. ಫೋನು ಅವಳ ಚೀಲದಲ್ಲಿದ್ದುಕೊಂಡೇ ಇನ್ನೊಂದು ಕ್ಷಣ ಇವನಿಗೆ ನೆಟ್ ಕೊಡುತ್ತಿತ್ತು. ದಾದಿಯ ಮುಖ ಕೂಡಿಕೊಂಡಿತು. ಅವಳ ಕಣ್ಣು ಒದ್ದೆಯಾಗಿತ್ತು. "ಹಲೋ, ಎದುರಿಗೇ ಇರ್ತೀಯಲ್ಲ ಅಂದ್ರಿ. ಆಮೇಲೆ? ಆಮೇಲೇನಂದ್ರು?" ಎಂದು ಕೇಳಿದಳು. ಅವನು ಬಾಯಿ ತೆರೆದ. ಆಮೇಲಿನದು ಅವನ ಹತ್ತಿರ ಇತ್ತು, ಒಂದಕ್ಷರ ಬಿಡದೆ ನೆನಪಿತ್ತು. ಅದು ಅವಳಿಗೆ ಹೇಳಬೇಕಾದದ್ದಲ್ಲ ಎಂದು ಹೊಳೆದು ತೆರೆದ ಬಾಯಿ ಮುಚ್ಚಿದ. ಪರದೆಯ ಮೂಲೆಯ ಸಿಗ್ನಲ್ ಗೆರೆಗಳು ಒಂದೊಂದಾಗಿ ಆರಿದವು. ಹಲ್ಲುರಾಣಿ ಪಟ್ಟಿಯಿಂದ ಹೋದಳು.

ಅವನು ಕೂತೇ ಇದ್ದ. ಹಿಂದೆಯೇ ಓಡಿಹೋಗಿ ಏನಾದರೂ ಹೇಳಬೇಕಿತ್ತು. ಏನಾದರೂ ಎಂದರೆ ಏನು ಎಂದು ಹುಡುಕಿದ. ರೋಗಿಗಳ ಮಾತು, ಸಾಕ್ಷಿಗಳ ಮಾತು, ಪಾಸ್‌ಪೋರ್ಟು ಕಳಕೊಂಡವಳ ಮಾತು, ಎಲ್ಲವೂ ನಾ ಮುಂದು ತಾ ಮುಂದು ಎಂದು ಬಂದವು. ಇವನದು ಎಂಬುದು ಇದ್ದದ್ದು ಅದೊಂದೇ, ಅದನ್ನು ಆಗಲೇ ಹೇಳಿ ಆಗಿತ್ತು.

ಆಗ ಪಟ್ಟಿಯಲ್ಲಿ ಹಲ್ಲುರಾಣಿ ಮತ್ತೆ ಮೂಡಿದಳು. ಗೆರೆಗಳು ತುಂಬಿಕೊಂಡಿದ್ದವು. ಅಷ್ಟು ಸಿಗ್ನಲ್ ಬರಬೇಕಾದರೆ ಅವಳು ದೂರವೇನೂ ಇಲ್ಲ. ಹಿಂದಿರುಗಿ ಬಂದಿರಬೇಕು, ಮುಂಬಾಗಿಲ ಆಚೆ, ಬೀಗದ ಎದುರಿಗೆ ನಿಂತಿರಬೇಕು. ಅವನು ಆ ಹೆಸರನ್ನು ಒತ್ತಿದ. ತಾನಾಗಿ ಕೂಡಿಕೊಳ್ಳಬೇಕಾಗಿತ್ತು. ಕೂಡಿಕೊಳ್ಳಲಿಲ್ಲ. ಪಾಸ್‌ವರ್ಡ್ ಕೊಡಿ ಎಂದಿತು. ಅವಳು ಅದನ್ನು ಬದಲಾಯಿಸಿದ್ದಳು.

ಗೊತ್ತಿರೋದೇ ಇರಬೇಕು ಎಂದುಕೊಂಡ. ಇವತ್ತು ಯಾರಾಗಿದ್ದೆ ಎಂದು ಒಟ್ಟಾಗಿ ಬರೆದು ಒತ್ತಿದ. ತಪ್ಪು. ತನಗೆ ನೆನಪಿದ್ದ ಎಲ್ಲ ಮುದ್ದಿನ ಮಾತುಗಳನ್ನೂ ಹಾಕಿದ. ಹೆಚ್ಚೇನೂ ನೆನಪಿರಲಿಲ್ಲ, ಬೇಗ ಮುಗಿದವು.

ಕೋಣೆಯಿಂದ ಮುಂಬಾಗಿಲಿಗೆ ಓಣಿ ದಾಟಿದರೆ ಆಯಿತು. ಬಾಗಿಲಿಗೆ ಒಳಗಿಂದ ಚಿಲಕ ಹಾಕಿರಲಿಲ್ಲ. ಆಚೆ ಯಾರೋ ಉಸಿರಾಡುತ್ತಿದ್ದ ಹಾಗೂ ಕೇಳಿಸಿತು, ಅದು ಲ್ಯಾಪ್‌ಟಾಪಿನ ಫ್ಯಾನೂ ಇರಬಹುದು. ಅವನ ಕೈ ಕೀಲಿಮಣೆ ಬಿಟ್ಟು ಮೇಲೇಳಲಿಲ್ಲ.

ಗೆರೆಗಳಲ್ಲಿ ಒಂದು ಆರಿತು. ಮತ್ತೊಮ್ಮೆ ಪ್ರಯತ್ನಿಸಿ ಎಂದು ಲ್ಯಾಪ್‌ಟಾಪು ಹೇಳಿತು. ಅವನು ಮೊದಲಿನ ಹಾಗೆಯೇ ತನ್ನ ಹೆಸರನ್ನು ಒತ್ತತೊಡಗಿದ. ಅದು ಪೆಟ್ಟಿಗೆಯೊಳಗೆ ಒಂದೊಂದೇ ಕಪ್ಪು ಚುಕ್ಕೆಯಾಗಿ ಬಿತ್ತು.