ಸ್ವರ ಬಾಗಿಸಿದವಳು

ಹೀಟರ್ ಮತ್ತೆ ಟಕ್ ಟಕ್ ಅನ್ನುತ್ತಿದೆ, ಲೈಪ್‌ಜಿಗ್‌ನ ಈ ತಾಲೀಮು ಕೋಣೆಯಲ್ಲಿ ನೆಟ್ಟಗೆ ಕೆಲಸ ಮಾಡುವುದು ನಾನೊಬ್ಬಳೇ, ಹಾಗೆಲ್ಲ ಹೇಳಿಕೊಳ್ಳಬಾರದು, ಯಾಕೆ ಹೇಳಿಕೊಳ್ಳಬಾರದು, ಹನ್ನೊಂದು ವರ್ಷ ಕೂತು ಒಂದು ಭಾಷೆ ಕಟ್ಟಿದ್ದೇನೆ, ಓರ್ಸುಲ್ ಅಂತ ಹೆಸರಿಟ್ಟವಳೂ ನಾನೇ, ಈ ಟೀವಿ ಧಾರಾವಾಹಿಯ ಗುಡ್ಡದ ಜನ ಆಡುವುದು ಅದನ್ನೇ — ಆದರೆ ನಿರ್ದೇಶಕ ಕೋಲ್ಬೆ ಪೆನ್ಸಿಲ್ ಹಿಡಿದು ಕೂತಿದ್ದಾನೆ, ವೀಬ್ಕೆ, ಬೇಜಾರ್ ಮಾಡ್ಕೋಬೇಡಿ, ಈ ಸ್ವರ ಬಾಗ್ಸೋದನ್ನ ತೆಗೆದ್ಬಿಡೋಣ, ನಟರ ಬಾಯಿಗೆ ಹತ್ತಲ್ಲ, ನೋಡೋರಿಗೆ ಏನ್ ಗೊತ್ತಾಗುತ್ತೆ, ಅನ್ನುತ್ತಾನೆ ನನಗೆ. ಅಡಿಪಾಯದ ಕಲ್ಲೂ ಯಾರಿಗೂ ಕಾಣುವುದಿಲ್ಲ, ಕಿತ್ತು ನೋಡು ಮಹಾರಾಯ. ಪದದ ಕೊನೆಗೊಂದು ಇ ಬಂದು ಕೂತರೆ ಸಾಕು, ಅದರ ಹಿಂದಿರುವ ಊ ಜಾಗ ಬಿಟ್ಟು ಸರಿಯುತ್ತದೆ, ತುಟಿ ಊ ಅನ್ನುತ್ತಿರಬೇಕು, ನಾಲಿಗೆ ಈ ಅನ್ನಬೇಕು, ಶಾಲಿನ ತುದಿ ಎಳೆದರೆ ಮುಖ ಆ ಕಡೆಗೆ ತಿರುಗುವ ಹಾಗೆ — ನಮ್ಮ ಜರ್ಮನ್‌ನಲ್ಲಿ ಮುಟರ್ ಅನ್ನುವ ಒಬ್ಬ ತಾಯಿ ಮ್ಯೂಟರ್ ಅನ್ನುವ ಹಲವು ತಾಯಂದಿರಾಗುವಾಗ ಪುಟ್ಟ ಮಕ್ಕಳೂ ಇದನ್ನೇ ಮಾಡುತ್ತಾರೆ, ಯಾರೂ ದೂರುವುದಿಲ್ಲ, ನಾನು ಮಾಡಿದರೆ ಕಷ್ಟವಂತೆ. ಸರಿ, ಹೋದ ವಾರದ ಎಡವಟ್ಟು ನನ್ನದೇ, ಒಪ್ಪುತ್ತೇನೆ, ಪ್ರತಿ ಮಾತನ್ನೂ ನಿಧಾನಕ್ಕೊಮ್ಮೆ ವೇಗವಾಗೊಮ್ಮೆ ರೆಕಾರ್ಡ್ ಮಾಡಿ ನಟರಿಗೆ ಕಳಿಸುವುದು ನಮ್ಮ ಕಸುಬಿನ ಪದ್ಧತಿ, ಅವರು ಕೇಳಿ ಕೇಳಿ ಬಾಯಿಪಾಠ ಮಾಡುತ್ತಾರೆ, ಅಡುಗೆಮನೆಯಲ್ಲಿ ನಿಂತು ಮಾಡುತ್ತಿದ್ದೆ, ನಡುವೆ ನಾನು ಹುಟ್ಟಿದ ಕಡಲತೀರದ ಆಡುಮಾತಿನಲ್ಲಿ ಥೂ ಹಾಲು ಉಕ್ಕಿಹೋಯ್ತು ಅಂದುಬಿಟ್ಟೆ, ಅಳಿಸಲು ಮರೆತೆ, ಆ ದಪ್ಪ ಮೀಸೆಯ ನಟ ತಾಲೀಮಿನಲ್ಲಿ ತಮ್ಮನ ಹೆಣದ ಮುಂದೆ ಮಂಡಿಯೂರಿ ಅದನ್ನೂ ಸೇರಿಸಿ ಹೇಳಿದ, ಕಣ್ಣಲ್ಲಿ ನೀರು, ಎಂಥ ಸೊಗಸಾಗಿ ಹೇಳಿದ ಪುಣ್ಯಾತ್ಮ, ಸ್ವರ ಒಂದೂ ತಪ್ಪಲಿಲ್ಲ, ಕೋಲ್ಬೆಗೆ ಅಷ್ಟೇ ಸಾಕಾಯಿತು, ಏನ್ ಹೇಳ್ತಿದೀವಿ ಅನ್ನೋದೇ ಇವ್ರಿಗೆ ಗೊತ್ತಿಲ್ಲ ನೋಡಿ, ಇವತ್ತು ತೇಕ್ಲಾ ತಡವರಿಸಿದ್ರೆ ಎಲ್ಲಾ ತೆಗೆದುಹಾಕ್ತೀನಿ.

ತೇಕ್ಲಾ ಎದ್ದು ನಿಂತಳು, ಗುಡ್ಡದ ರಾಣಿಯ ಪಾತ್ರ ಅವಳದು, ಎಂಟು ಸಾಲಿನ ಶೋಕ, ಮೊದಲ ಸಾಲು ಬಾಗಿತು, ಎರಡನೆಯದು, ಬಾಗುತ್ತಿದೆ, ಎಂಟೂ ಬಾಗಿದವು, ಎದೆ ಉಬ್ಬಿ ಅಂಗಿಯ ಗುಂಡಿ ಹಾರೀತು ಅನ್ನಿಸಿತು — ಆದರೂ ಕೋಲ್ಬೆ ಪೆನ್ಸಿಲ್ ಎತ್ತಿದ, ಚೆನ್ನಾಗಿತ್ತು ತೇಕ್ಲಾ, ಆದ್ರೂ ಸುಲಭ ಮಾಡೋಣ. ಅವಳು ಅವನ ಕಡೆ ತಿರುಗಿ ಏನೋ ಅಂದಳು, ಓರ್ಸುಲ್‌ನಲ್ಲಿ, ಸಹಾಯಕಿ ಹಾಳೆ ಮಗುಚಿದಳು, ಎಲ್ಲೂ ಇಲ್ಲ, ನಾನು ಬರೆದ ಮಾತೇ ಅಲ್ಲ, ಏನಂದ್ಲು ಇವ್ಳು, ಕೋಲ್ಬೆ ನನ್ನನ್ನು ಕೇಳಿದ, ನನಗೆ ಅರ್ಥವಾಗಿತ್ತು, ಇಡೀ ಕೋಣೆಯಲ್ಲಿ ನನಗೊಬ್ಬಳಿಗೇ, ಇದರ ತಂಟೆಗೆ ಬಂದ್ರೆ ನಿನ್ನ ಕೋಲುಗಳನ್ನೆಲ್ಲ ಮುರಿದು ಒಲೆಗೆ ಹಾಕ್ತೀನಿ ಅಂದ್ಲು, ಅಂದೆ, ಗುಡ್ಡದ ಜನಕ್ಕೆ ಪೆನ್ಸಿಲ್ ಇಲ್ಲವಲ್ಲ, ಕೋಲು ಅಂದಿದ್ದಾಳೆ, ಕೋಲುಗಳು ಅನ್ನುವಾಗ ಕೊನೆಗೆ ಇ ಹಚ್ಚಿ ಊ ಬಾಗಿಸಿಯೂ ಇದ್ದಾಳೆ, ಯಾರು ಹೇಳಿಕೊಟ್ಟರು, ಯಾರೂ ಇಲ್ಲ. ಕೋಲ್ಬೆ ನಕ್ಕು ಪೆನ್ಸಿಲ್ ಜೇಬಿಗೆ ಹಾಕಿದ, ಸರಿ ಇರ್ಲಿ ಬಿಡಿ ಅಂದ, ಉಳಿಯಿತು, ನನ್ನದು ಉಳಿಯಿತು, ಎಲ್ಲರೂ ಊಟಕ್ಕೆ ಎದ್ದರು, ಕುರ್ಚಿಗಳ ಕರಕರ, ತೇಕ್ಲಾ ನನ್ನ ಪಕ್ಕ ಬಂದು ಕೂತು ಡಬ್ಬಿ ತೆರೆದಳು, ಕಪ್ಪು ಬ್ರೆಡ್ಡು, ಮುರಿದಳು, ಅರ್ಧ ಚಾಚಿ ಕೇಳಿದಳು, ಓರ್ಸುಲ್‌ನಲ್ಲೇ, ಉಂಡೆಯಾ — ನನ್ನ ಗುಡ್ಡದ ಜನ ಹನ್ನೊಂದು ವರ್ಷ ಆಣೆಯಿಟ್ಟಿದ್ದಾರೆ, ಕಡಿದಾಡಿದ್ದಾರೆ, ಹೆಣ ಸುಟ್ಟಿದ್ದಾರೆ, ಒಬ್ಬರೂ ಇನ್ನೊಬ್ಬರನ್ನು ಉಂಡೆಯಾ ಅಂತ ಕೇಳಿರಲಿಲ್ಲ, ನಾನೇ ಕೇಳಿಸಿರಲಿಲ್ಲ, ಇಲ್ಲ ಅನ್ನಬೇಕು, ಇನ್ನೂ ಇಲ್ಲ ಅನ್ನಬೇಕು, ಪದಗಳಿವೆ, ನಾನೇ ಮಾಡಿಟ್ಟವು, ಬಾಯಿಗೆ ಬರುತ್ತಿಲ್ಲ, ಅವಳು ಕಾಯುತ್ತಿದ್ದಾಳೆ, ಚಾಚಿದ ಕೈ, ಅರ್ಧ ಬ್ರೆಡ್ಡು, ಕೈ ಹಿಂದಕ್ಕೆ ಹೋಗುತ್ತಿಲ್ಲ, ಅರ್ಧ ಬ್ರೆಡ್ಡು —