ಹತ್ತು ಉಸಿರಿನ ಲೆಕ್ಕ

ಹವಳದ ದಿಬ್ಬದ ಹತ್ತಿರ ದೋಣಿ ನಿಂತಾಗ ನಾನು ಮೊದಲು ನೀರಿಗಿಳಿಸುವುದು ಹವಳ ನೋಡಲು ಬಂದ ಅತಿಥಿಗಳನ್ನಲ್ಲ, ಒಂದು ಚೂರು ತೆಂಗಿನ ಸಿಪ್ಪೆಯನ್ನು. ದೋಣಿಯ ಮೂತಿಯ ಬಳಿ ಅದನ್ನು ಬಿಟ್ಟು ಉಸಿರು ಎಣಿಸುತ್ತೇನೆ. ಹತ್ತು ಉಸಿರಿನೊಳಗೆ ಅದು ದೋಣಿಯ ಬಾಲ ದಾಟಿದರೆ ಯಾರೂ ಇಳಿಯುವಂತಿಲ್ಲ. ಚಿಪ್ಪು ಆರಿಸಲು ಹೋಗುತ್ತಿದ್ದ ಅಮ್ಮ ಕಲಿಸಿದ್ದು. ದ್ವೀಪದ ಗಂಡಸರು ಇದನ್ನು 'ಹೆಂಗಸರ ಗಡಿಯಾರ' ಎಂದು ನಗುತ್ತಾರೆ. ಎಲ್ಲರಿಗಿಂತ ಜೋರು ನಗು ನನ್ನಂತೆಯೇ ದೋಣಿ ನಡೆಸುವ ಸಾದ್ಲಿಯದು.

ಅಂದು ಸಿಪ್ಪೆ ಆರೇ ಉಸಿರಿಗೆ ದಾಟಿತು.

"ಇವತ್ತು ಆಗಲ್ಲ," ಎಂದೆ.

ಅತಿಥಿಗಳನ್ನು ಕರೆತಂದಿದ್ದ ಹೋಟೆಲಿನ ಮ್ಯಾನೇಜರ್ ವಿರ್ಯ ಹುಬ್ಬು ಗಂಟಿಕ್ಕಿದ. "ಇನಾಕ್ ಮಹ್ನಿಂ, ನೀರು ಕನ್ನಡಿ ಥರಾ ಇದೆಯಲ್ಲ!" ನಮ್ಮಲ್ಲಿ ಗೌರವಕ್ಕೆ ಹೆಂಗಸರನ್ನು ಇನಾಕ್ ಎಂದೂ ಗಂಡಸರನ್ನು ಪಾಕ್ ಎಂದೂ ಕರೆಯುತ್ತಾರೆ.

"ಮೇಲೆ ಕನ್ನಡಿ. ಕೆಳಗೆ ಹೊಳೆ."

"ಲೈಫ್ ಜಾಕೆಟ್ ಹಾಕಿದಾರಲ್ಲ?"

"ಜಾಕೆಟ್ ತೇಲ್ಸುತ್ತೆ ಪಾಕ್, ವಾಪಸ್ ಕರ್ಕೊಂಡು ಬರಲ್ಲ."

"ಹಂಗಾದ್ರೆ ನಾಳೆಯಿಂದ ನಮ್ಮ ಹೋಟೆಲಿನ ಕೆಲಸ ನಿಂಗಿಲ್ಲ. ಇವ್ರನ್ನ ಸಾದ್ಲಿ ದೋಣಿಗೆ ಹತ್ತಿಸ್ತೀನಿ."

ಗಂಡ ಮಲೇಷ್ಯಾದ ತೋಟಕ್ಕೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಈ ದೋಣಿಯೇ ನನ್ನ ಗದ್ದೆ. ಅದಕ್ಕೇ ಹೋದ ವರ್ಷ ಒಮ್ಮೆ, ಸಿಪ್ಪೆ ಎಂಟಕ್ಕೇ ದಾಟಿದರೂ ಬಾಯಿ ಮುಚ್ಚಿಕೊಂಡಿದ್ದೆ. ಕೊಚ್ಚಿಹೋದ ಹುಡುಗಿಯೊಬ್ಬಳನ್ನು ತುಂಬ ದೂರ ಈಜಿ ಹಿಡಿದೆ. ಬದುಕಿದಳು. ನನ್ನ ತೋಳಿನಲ್ಲಿ ಅವಳ ಉಗುರಿನ ಗಾಯ ಮೂರು ವಾರವಿತ್ತು. ಅಷ್ಟು ದಿನವೂ ನಾನು ಕನ್ನಡಿ ನೋಡಿಕೊಳ್ಳಲಿಲ್ಲ.

"ಹತ್ತಿಸ್ಕೊಳ್ಳಿ," ಎಂದೆ. "ನನ್ನ ದೋಣಿಯಿಂದ ಮಾತ್ರ ಯಾರೂ ಇಳಿಯಲ್ಲ."

"ಏ ಸಾದ್ಲಿ, ಬಾರೋ ಇಲ್ಲಿ!" ವಿರ್ಯ ಕೈ ಬೀಸಿ ಕರೆದ.

ಪಕ್ಕದಲ್ಲೇ ದೋಣಿ ನಿಲ್ಲಿಸಿದ್ದ ಸಾದ್ಲಿ ನಮ್ಮತ್ತ ನೋಡಲಿಲ್ಲ. ಚುಕ್ಕಿಯಂತೆ ದೂರ ಸರಿಯುತ್ತಿದ್ದ ನನ್ನ ಸಿಪ್ಪೆಯನ್ನೇ ನೋಡುತ್ತಿದ್ದ.

"ನನ್ ಎಂಜಿನ್ ಕೆಟ್ಟೋಗಿದೆ ಪಾಕ್," ಎಂದು ಕೂಗಿದ. ಅವನ ಬೆನ್ನ ಹಿಂದೆ ಎಂಜಿನ್ ಟುಕುಟುಕು ಎನ್ನುತ್ತಲೇ ಇತ್ತು.

ಆಚೆ ದೋಣಿಯ ಮುದುಕ ಕೈಯೆತ್ತಿದ. "ನಂದೂ ಕೆಟ್ಟಿದೆ!"

ಇಷ್ಟು ವರ್ಷ ನಗುತ್ತಲೇ ಇವರೆಲ್ಲ ನನ್ನ ಸಿಪ್ಪೆಯನ್ನು ನೋಡಿಕೊಂಡೇ ಬದುಕಿದ್ದರು! ಸಿಟ್ಟೂ ಬಂತು, ನಗುವೂ ಬಂತು.

ಅತಿಥಿಗಳನ್ನು ನನ್ನ ಮನೆಗೆ ಕರೆದೊಯ್ದೆ. ಕೆಂಡದ ಮೇಲಿಂದಲೇ ಮೀನು ಬಡಿಸಿದೆ. ಒಬ್ಬಾಕೆ ಐಸ್ ಕೇಳಿದಳು.

"ಯಾವ ನೀರಿಂದ ಮಾಡಿದ್ದೋ ಗೊತ್ತಿಲ್ಲದ ಐಸು ನನ್ನ ಮನೇಲಿಲ್ಲ. ಬಿಸಿ ಚಹಾ ಕುಡಿ ತಾಯಿ."

"ಅದಕ್ಕೂ ಇಲ್ಲ ಅಂತೀಯಾ?" ಎಂದು ವಿರ್ಯ ಗೊಣಗಿದ. ಆದರೂ ಎರಡು ಮೀನು ತಿಂದ.

ಮಧ್ಯಾಹ್ನ ಇಳಿದ ಮೇಲೆ ಮತ್ತೆ ದಿಬ್ಬಕ್ಕೆ ಹೋದೆವು. ಸಿಪ್ಪೆ ಬಿಟ್ಟೆ. ಈ ಸಲ ವಿರ್ಯನೇ ಮುಂದೆ ಬಗ್ಗಿ ಎಣಿಸಿದ.

"ಹನ್ನೊಂದು! ಇಳಿಸು."

"ನೀವು ನಾಯಿ ಥರಾ ಏದುಸಿರು ಬಿಟ್ರಿ ಪಾಕ್," ಎಂದು ಇನ್ನೊಂದು ಸಿಪ್ಪೆ ಎತ್ತಿಕೊಂಡೆ. "ನಿಧಾನಕ್ಕೆ ಉಸಿರಾಡಿ. ಮತ್ತೆ ಎಣಿಸಿ."