ಎರಡು ಕೀಲಿಕೈಯ ಬಾಗಿಲು

ನಾನು ಒಂದು ಕಬ್ಬಿಣದ ಬಾಗಿಲು. ಮನೆಯ ಬಾಗಿಲಲ್ಲ, ಖಜಾನೆ ಕೋಣೆಯ ಬಾಗಿಲು. ಮನೆಯ ಬಾಗಿಲಿಗೆ ತೋರಣ ಕಟ್ಟುತ್ತಾರೆ, ಅದು ಬಂದವರನ್ನು ಒಳಗೆ ಕರೆಯುತ್ತದೆ. ನನ್ನ ಕೆಲಸ ಕರೆಯುವುದಲ್ಲ, ತಡೆಯುವುದು. ನನಗೆ ಓದು ಬರಹ ಬಾರದು. ನನ್ನ ಎದೆಯ ಮೇಲೆ ಉಬ್ಬಿರುವ ಅಕ್ಷರ ಏನು ಹೇಳುತ್ತದೆಯೋ ಅದೂ ತಿಳಿಯದು. ಆದರೆ ಕಬ್ಬಿಣಕ್ಕೆ ನೆನಪು ಜಾಸ್ತಿ. ತುಕ್ಕು ಹಿಡಿದರೂ ಪೆಟ್ಟು ಮರೆಯುವುದಿಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಕುಲುಮೆಯಲ್ಲಿ. ಮೊದಲ ಒಡೆಯ ಗದಗಿನ ಅರಳೆ ವ್ಯಾಪಾರಿ ರಾಚಪ್ಪ ಸಾವಕಾರ. ಆಗ ನನಗಿದ್ದದ್ದು ಒಂದೇ ಕೀಲಿಗಂಡಿ. ಸಾವಕಾರ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬರಲಿಲ್ಲ. ಕೀಲಿ ಮಾಡುವವನನ್ನು ಕರೆಸಿ ಇನ್ನೊಂದು ಗಂಡಿ ಕೊರೆಸಿದರು. ಅಣ್ಣನ ಕೈಯಲ್ಲೊಂದು ಕೀಲಿಕೈ, ತಮ್ಮನ ಕೈಯಲ್ಲೊಂದು. ಇಬ್ಬರೂ ಬಂದು ತಿರುವಿದರೆ ಮಾತ್ರ ನಾನು ಕದಲಬೇಕು. ಕೊರೆಯುವಾಗ ನೋವೇನೂ ಆಗಲಿಲ್ಲ. ಆದರೆ ಈ ಎರಡನೆಯ ಕಣ್ಣು ಅಪನಂಬಿಕೆಯಿಂದ ಹುಟ್ಟಿದ್ದು ಎಂಬುದನ್ನು ಮಾತ್ರ ಮರೆತಿಲ್ಲ.

ಅಂಗಡಿ ಮುಚ್ಚಿತು. ಗುಳೇದಗುಡ್ಡದ ಕಡೆಯ ಒಂದು ನೇಕಾರರ ಊರಿನ ಸಣ್ಣ ಪತ್ತಿನ ಸಂಘದವರು ಬಂದು, ಎರಡು ಕೀಲಿಕೈ ಇದೆ ಎಂದೇ ನನ್ನನ್ನು ಮೆಚ್ಚಿ ಕೊಂಡೊಯ್ದರು. ಜನ ಒತ್ತೆ ಇಟ್ಟ ಬಂಗಾರವನ್ನು ಕಾಯುವ ಕೆಲಸ. ಕಿಟಕಿಯಿಲ್ಲದ, ಕಪಾಟು ತುಂಬಿದ ಇಕ್ಕಟ್ಟಿನ ಕೋಣೆ. ನನ್ನನ್ನು ಮುಚ್ಚಿದರೆ ಇರುವೆಗೂ ದಾರಿಯಿಲ್ಲ, ಗಾಳಿಗೂ ದಾರಿಯಿಲ್ಲ. ಗೋಡೆಯಾಚೆ ರವಿಕೆಯ ಖಣ ನೇಯುವ ಕರೆಂಟಿನ ಮಗ್ಗಗಳು, ಹಗಲಿಡೀ ಖಟಖಟ ಖಟಖಟ. ಆ ಊರಿನಲ್ಲಿ ಬಡಿತಕ್ಕೆ ಯಾರೂ ಕಿವಿಗೊಡುವುದಿಲ್ಲ. ಅದು ನಿಂತರೆ ಮಾತ್ರ ತಲೆ ಎತ್ತುತ್ತಾರೆ.

ನನ್ನ ಬಲಗಂಡಿಯ ಕೀಲಿಕೈ ಮ್ಯಾನೇಜರ್ ಮುರಿಗೆಪ್ಪನವರ ಬಳಿ, ಎಡಗಂಡಿಯದು ಕ್ಯಾಶಿಯರ್ ಗುರುನಾಥರ ಬಳಿ. ಇಬ್ಬರೂ ಷಡ್ಡಕರು, ಅಕ್ಕತಂಗಿಯರ ಗಂಡಂದಿರು. ಮೈದುನನ ಮದುವೆಯಲ್ಲಿ ಹಿರಿಯ ಅಳಿಯ ಮುರಿಗೆಪ್ಪನವರಿಗೆ ಮೊದಲು ಸುತ್ತಬೇಕಾದ ಮರ್ಯಾದೆಯ ರುಮಾಲಾದ ಪಟಗವನ್ನು ಯಾರೋ ಗಡಿಬಿಡಿಯಲ್ಲಿ ಕಿರಿಯ ಅಳಿಯನ ತಲೆಗೆ ಸುತ್ತಿಬಿಟ್ಟಿದ್ದರು. ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆ ಪಟಗ ಎಂದೋ ಹರಿದು ಒರೆಸುವ ಅರಿವೆಯಾಗಿರಬೇಕು, ಸಿಟ್ಟು ಮಾತ್ರ ಹೊಸದಾಗಿಯೇ ಇತ್ತು.

ಆ ವರ್ಷ ದಾನೇಶ್ವರಿ ಬಂದಳು. ಬಿಕಾಂ ಓದುವ ಹುಡುಗಿ, ಮಗ್ಗದ ಮನೆಯವಳು. ಕಾಲೇಜಿನವರು ಇಂಟರ್ನ್‌ಶಿಪ್ಪಿಗೆಂದು ಕಳಿಸಿದ್ದರು. ಬ್ಯಾಂಕಿನ ಕೆಲಸ ಕಲಿಯುತ್ತೇನೆಂದು ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು ಬಂದವಳಿಗೆ ಸಿಕ್ಕಿದ ಕೆಲಸವೇ ಬೇರೆ.

"ದಾನೇಶ್ವರಿ, ನಿಮ್ಮ ಕ್ಯಾಶಿಯರ್ ಸಾಹೇಬ್ರಿಗೆ ಹೇಳವಾ, ಬೀಗ ಹಾಕೂ ಹೊತ್ತಾತು ಅಂತ."

ಗುರುನಾಥರು ಪಕ್ಕದಲ್ಲೇ ನಿಂತಿರುತ್ತಿದ್ದರು. "ಕೇಳಿಸ್ತು ಅಂತ ಹೇಳವಾ ನಿಮ್ಮ ಮ್ಯಾನೇಜರಿಗೆ. ನಾ ಏನ್ ಕಿವುಡ ಅಲ್ಲ."

"ಸರ್, ಕೇಳಿಸ್ತಂತ್ರಿ. ಕಿವುಡ ಅಲ್ಲಂತ್ರಿ."

ಕಸ ಹೊಡೆಯುವ ಗೌರವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಕಾಲೇಜಿನ್ಯಾಗ ಇದನ್ನ ಕಲೀಲಿಕ್ಕೆ ಕಳಿಸ್ಯಾರೇನವಾ? ಜಗಳಾಡೂ ಗಂಡಾ ಹೆಂಡ್ತಿ ನಡುವಿನ ಕೂಸು ಆಗೀಯಲ್ಲ!"

"ಏನ್ ಮಾಡೂದು ಆಯಿ, ಇದಕ್ಕೂ ಮಾರ್ಕ್ಸ್ ಅದಾವಂತ."

ಬೀಗ ಹಾಕುವ ಮುಂಚೆ ಒಳಗೆ ಹೋಗಿ ನೋಡಿ ಬರುವುದೂ ಅವಳ ಪಾಲಿಗೇ ಬಂತು. ಮೂಲೆಮೂಲೆ ನೋಡಿ ಹೊರಬಂದು "ಖಾಲಿ ಐತ್ರಿ ಸರ್" ಎನ್ನುವಳು. ಆಮೇಲೆ ಒಬ್ಬರು ಗೋಡೆಯ ಕಡೆ, ಇನ್ನೊಬ್ಬರು ಬೀದಿಯ ಕಡೆ ಮುಖ ತಿರುಗಿಸಿಕೊಂಡು ಕೀಲಿಕೈ ತಿರುವುವರು. ಹುಡುಗಿಯ ಆ ಮೂರು ಮಾತಿನ ಮೇಲೆ ಇಡೀ ಊರಿನ ಬಂಗಾರ ನಿಂತಿತ್ತು.

ಅದೊಂದು ಶುಕ್ರವಾರ. ಶುಕ್ರವಾರವೆಂದರೆ ಒಳಗಿನ ಲಕ್ಷ್ಮಿಯ ಪಟಕ್ಕೆ ಪೂಜೆ, ಹಿತ್ತಾಳೆಯ ಸಮೆಯಲ್ಲಿ, ಅಂದರೆ ದೀಪದ ಕಂಬದಲ್ಲಿ, ಉರಿಯುವ ಬತ್ತಿ. ಮಧ್ಯಾಹ್ನ ದಾನೇಶ್ವರಿ ಒಳಗೆ ಬಂದಳು. ಫೋನು ಹೊರಗಿಟ್ಟು ಬರುವುದು ಸಂಘದ ನೇಮ, ಇಟ್ಟು ಬಂದಳು. ಕೊನೆಯ ಕಪಾಟಿನ ಹಿಂದೆ ಬಂಗಾರದ ಚೀಲಗಳ ಚೀಟಿ ಉದುರಿದ್ದವು. ಕೆಳಗೆ ಕೂತು ಒಂದೊಂದಾಗಿ ಕಟ್ಟತೊಡಗಿದಳು.

ಊಟದ ಹೊತ್ತು, ನನ್ನನ್ನು ಮುಚ್ಚುವ ಹೊತ್ತು. ಮುರಿಗೆಪ್ಪನವರು ಬಂದರು, ಗುರುನಾಥರೂ ಬಂದರು. ಹುಡುಗಿ ಕಾಣಲಿಲ್ಲ. ಖಾಲಿ ಐತ್ರಿ ಅಂತ ಅವನಿಗೆ ಹೇಳಿ ಊಟಕ್ಕೆ ಹೋಗಿರಬೇಕು ಎಂದುಕೊಂಡರು ಮುರಿಗೆಪ್ಪನವರು. ಅವನಿಗೆ ಹೇಳಿರಬೇಕು ಎಂದುಕೊಂಡರು ಗುರುನಾಥರು. ಕೇಳಿದರೆ ತಿಳಿಯುತ್ತಿತ್ತು. ಕೇಳಬೇಕೆಂದರೆ ಮಾತಾಡಬೇಕಲ್ಲ! ಒಬ್ಬರು ಗೋಡೆ ನೋಡಿದರು, ಇನ್ನೊಬ್ಬರು ಬೀದಿ ನೋಡಿದರು. ನನ್ನನ್ನು ಎಳೆದರು. ಎರಡು ಕೀಲಿಕೈ ತಿರುಗಿದವು.

ನಾನು ಕೂಗಬೇಕೆಂದೆ. ಕಬ್ಬಿಣಕ್ಕೆ ಗಂಟಲೆಲ್ಲಿ? ಕಳ್ಳರು ಬಂದು ಹಾರೆ ಹಾಕಿದ್ದನ್ನು ಕಂಡಿದ್ದೆ, ಬೆಂಕಿ ಬಿದ್ದದ್ದನ್ನು ಕಂಡಿದ್ದೆ, ಬೆಚ್ಚಿರಲಿಲ್ಲ. ಅಂದು ಬೆಚ್ಚಿದೆ. ಹೊರಗಿನವರನ್ನು ತಡೆಯುವುದೇ ನನ್ನ ಧರ್ಮ ಎಂದುಕೊಂಡು ಬಾಳಿದವನು ನಾನು. ಒಳಗಿದ್ದವರನ್ನೂ ಅಷ್ಟೇ ಚೆನ್ನಾಗಿ ತಡೆಯುತ್ತೇನೆ ಎಂಬುದು ಅದುವರೆಗೆ ನನಗೇ ಗೊತ್ತಿರಲಿಲ್ಲ.

ಅವಳು ಎದ್ದು ಬಂದಳು. ಮೊದಲು, ತಮಾಷೆ ಮಾಡುತ್ತಿದ್ದಾರೆಂದು ನಕ್ಕಳು. "ಸರ್, ಚಾಷ್ಟಿ ಸಾಕ್ರಿ, ತಗೀರಿ." ಆಮೇಲೆ ಎರಡೂ ಅಂಗೈ ನನ್ನ ಮೇಲಿಟ್ಟು ದೂಡಿದಳು. ನನ್ನ ಒಳಮೈಯನ್ನು ಅದುವರೆಗೆ ಯಾರೂ ಹಾಗೆ ಮುಟ್ಟಿರಲಿಲ್ಲ. ಅಲ್ಲಿ ಹಿಡಿಕೆಯೇ ಇಲ್ಲ. ಅದೊಂದು ಬೇಕೆಂದು ನನ್ನನ್ನು ಮಾಡಿದವರಿಗೂ ತೋಚಿರಲಿಲ್ಲ. ಬಡಿದಳು, ಕೂಗಿದಳು. ಆಚೆ ಮಗ್ಗಗಳು ಖಟಖಟ, ಈಚೆ ಇವಳ ಬಡಿತ. ಎರಡೂ ಒಂದರೊಳಗೊಂದು ಕೂಡಿ ಹೋದವು.

ಅಷ್ಟರಲ್ಲಿ ಬಲ್ಬು ಆರಿತು. ಕತ್ತಲೆಯಲ್ಲಿ ಉಳಿದದ್ದು ಲಕ್ಷ್ಮಿಯ ಮುಂದಿನ ದೀಪವೊಂದೇ. ಹುಡುಗಿ ಅದನ್ನೇ ದಿಟ್ಟಿಸಿದಳು. ಉರಿ ಸಣ್ಣಗಾಗಿತ್ತು. ಇರುವಷ್ಟು ಗಾಳಿಯನ್ನು ತಾನೂ ದೀಪವೂ ಹಂಚಿಕೊಂಡು ಉಣ್ಣುತ್ತಿದ್ದೇವೆ ಎಂಬುದು ಅವಳಿಗೆ ಹೊಳೆಯಿತು. ಶುಕ್ರವಾರದ ದೀಪ. ಹೆಣ್ಣುಮಗಳು ಕೈಯಾರೆ ಆರಿಸುವ ಮಾತೇ? ಕೈ ಮುಂದೆ ಮಾಡಿದಳು, ಹಿಂದೆ ಎಳೆದಳು. "ತಾಯಿ, ಸಿಟ್ಟಾಗಬ್ಯಾಡ. ನಮ್ಮವ್ವಗ ನಾ ಒಬ್ಬಾಕೀನ" ಎಂದು ಬತ್ತಿಯನ್ನು ಬೆರಳಲ್ಲಿ ಹಿಸುಕಿಬಿಟ್ಟಳು. ಎಣ್ಣೆ ಚೆಲ್ಲಿ ಆ ಸಮೆಯನ್ನೇ ಎತ್ತಿಕೊಂಡು ನನ್ನ ಮೇಲೆ ಕುಟ್ಟತೊಡಗಿದಳು. ಒಂದೊಂದು ಪೆಟ್ಟೂ ಒಂದೊಂದು ಕುಳಿ. ಇನ್ನೂ ಜೋರಾಗಿ ಹೊಡಿ ಮಗಳೇ ಎಂದೆ, ನನ್ನಷ್ಟಕ್ಕೆ.

ಅವಳ ಬೆಳಕನ್ನು ಕಸಿದು ಹೋದ ಕರೆಂಟೇ ಹೊರಗೆ ಮಗ್ಗಗಳನ್ನೂ ನಿಲ್ಲಿಸಿತ್ತು. ಊರು ಗಪ್ಪಾಗಿತ್ತು. ಗುರುನಾಥರು ಕೌಂಟರಿನ ಹಿಂದೆ ರೊಟ್ಟಿ ಬಿಚ್ಚಿದ್ದರು. ನೆಲ ಒರೆಸುತ್ತಿದ್ದ ಗೌರವ್ವ ತಲೆ ಎತ್ತಿದಳು.

"ಸಾಹೇಬ್ರ, ಕರೆಂಟ್ ಹೋಗೇತಿ. ಮತ್ತ ಇದ್ಯಾವ ಮಗ್ಗ ನಡದೈತಿ?"

ಗುರುನಾಥರ ಕೈಯಿಂದ ತುತ್ತು ಜಾರಿತು. ಓಡಿ ಬಂದು ನನಗೆ ಕಿವಿ ಹಚ್ಚಿದರು. "ದಾನೇಶ್ವರೀ!" ಒಳಗಿನಿಂದ ಬಾವಿಯ ತಳದಿಂದ ಬಂದಂತೆ ಒಂದು ಸಣ್ಣ ದನಿ, "ಸರ್..." ತಮ್ಮ ಕೀಲಿಕೈ ಹಾಕಿ ತಿರುವಿದರು. ನಾನು ಕದಲಲಿಲ್ಲ. ಇನ್ನೊಂದು ಗಂಡಿ ಬರಿದಾಗಿ ಅವರನ್ನೇ ನೋಡುತ್ತಿತ್ತು. ಮುರಿಗೆಪ್ಪನವರು ಊಟಕ್ಕೆ ಮನೆಗೆ ಹೋಗಿದ್ದರು. ಫೋನು ಹಚ್ಚಿದರು, ಆ ಕಡೆಯಿಂದ ಕಟ್ಟಾಯಿತು. ಮತ್ತೆ ಹಚ್ಚಿದರು, ಮತ್ತೆ ಕಟ್ಟಾಯಿತು. ಇವರ ಹೆಸರು ಕಂಡರೆ ಎತ್ತುವವರಲ್ಲ ಅವರು. ಗುರುನಾಥರು ಎಂಜಲು ಕೈಯಲ್ಲೇ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು.

ಗೌರವ್ವ ನನ್ನ ಮುಂದೆ ಕುಕ್ಕರಿಸಿ, ಕೀಲಿಗಂಡಿಗೆ ಸೆರಗಿನಿಂದ ಗಾಳಿ ಬೀಸತೊಡಗಿದಳು. "ಅಳಬ್ಯಾಡವಾ ನನ್ನವ್ವ, ಅತ್ತರ ಉಸಿರು ಖರ್ಚಾಕ್ಕತಿ. ಗಾಳಿ ಬರಾಕತ್ತೈತಿಲ್ಲ?" ನನ್ನ ಕೀಲಿಗಂಡಿ ಅರ್ಧಕ್ಕೇ ಮುಗಿಯುತ್ತದೆ, ಒಳಗೆ ತೂರುವುದಿಲ್ಲ. ಅದು ಅವಳಿಗೇನು ಗೊತ್ತು? ಬೀಸುತ್ತಲೇ ಇದ್ದಳು.

ಒಳಗೆ ಬಡಿತ ನಿಧಾನವಾಯಿತು. ಆಮೇಲೆ ನಿಂತಿತು. ಹುಡುಗಿ ನನಗೆ ಒರಗಿ ಕೆಳಗೆ ಜಾರಿದಳು. ಅವಳ ಕೆನ್ನೆ ನನ್ನ ಮೈಗೆ ತಾಗಿತ್ತು. ಉಸಿರು ತಗುಲಿ ಕಬ್ಬಿಣ ಬೆವರಿತು. ಆ ಬೆವರು ಆರದಿರಲಿ ಎಂದು ಕಾದೆ. ಕಾಯುವುದೇ ನನ್ನ ಕಸುಬು. ಆದರೆ ಅಂಥ ಕಾಯುವಿಕೆ ಮತ್ತೆ ಯಾವ ಬಾಗಿಲಿಗೂ ಬೇಡ.

ಒಂದೇ ಬೈಕಿನಲ್ಲಿ ಇಬ್ಬರೂ ಬಂದರು. ಗುರುನಾಥರು ಷಡ್ಡಕನ ಮನೆಯ ಮುಂದೆ ನಿಂತು "ಅಣ್ಣಾ! ಅಣ್ಣಾ!" ಎಂದು ಓಣಿಯೆಲ್ಲ ಕೇಳುವಂತೆ ಒದರಿದ್ದರಂತೆ, ಗೌರವ್ವ ಆಮೇಲೆ ಹೇಳಿದಳು. ಮುರಿಗೆಪ್ಪನವರು ಬೈಕಿನಿಂದ ಇಳಿದವರೇ ನನ್ನತ್ತ ಧಾವಿಸಿದರು. ಕೀಲಿಕೈ ಗಂಡಿಗೆ ಹೋಗದೆ ನನ್ನ ಮೈ ಗೀರಿತು.

"ಅಣ್ಣಾ, ತಲಿಕೆಳಗ ಹಿಡದೀರಿ!"

"ನನ್ನ ಕೈ ನಡಗತೈತೋ ಗುರ್ಯಾ, ಹಿಡಿ, ನೀನೂ ಹಿಡಿ!"

ಗುರುನಾಥರು ಒಂದು ಕೈಯಲ್ಲಿ ತಮ್ಮ ಕೀಲಿಕೈ, ಇನ್ನೊಂದರಲ್ಲಿ ಅಣ್ಣನ ಕೈ ಹಿಡಿದು ತಿರುವಿದರು. ನನ್ನ ಬಾಳಿನಲ್ಲೇ ಅಷ್ಟು ಬೇಗ ನಾನು ತೆರೆದದ್ದಿಲ್ಲ. ಹುಡುಗಿ ಅವರಿಬ್ಬರ ಕಾಲ ಮೇಲೆ ಬಿದ್ದಳು. ಮುಖ ಕಪ್ಪಿಟ್ಟಿತ್ತು. ಗೌರವ್ವ ತೊಡೆಯ ಮೇಲೆ ಮಲಗಿಸಿಕೊಂಡು ನೀರು ಚಿಮುಕಿಸಿದಳು, ಕೆನ್ನೆಗೆ ಬಡಿದಳು, ಕುಲದೇವರನ್ನೆಲ್ಲ ಕರೆದಳು. ಕೊನೆಗೊಮ್ಮೆ ಎದೆ ಏರಿತು. ಕಣ್ಣು ಬಿಟ್ಟು, ತಲೆಯ ಮೇಲೆ ಬಾಗಿದ್ದ ಎರಡು ಮುಖಗಳನ್ನು ಒಂದಾದ ಮೇಲೊಂದು ನೋಡಿದಳು. ಅಭ್ಯಾಸವೇ ಇರಬೇಕು.

"ಈಗ ಖಾಲಿ ಐತ್ರಿ ಸರ್" ಎಂದಳು.

ಇಬ್ಬರು ಗಂಡಸರೂ ನೆಲಕ್ಕೆ ಕೂತು ಮಕ್ಕಳಂತೆ ಅತ್ತರು.

ದಾನೇಶ್ವರಿ ಸೋಮವಾರ ಬಂದಳು. ನನ್ನ ಹೊಸ್ತಿಲು ಮಾತ್ರ ದಾಟಲಿಲ್ಲ, ದಾಟು ಎಂದು ಯಾರೂ ಹೇಳಲೂ ಇಲ್ಲ. ಅಂದಿನಿಂದ ಮುರಿಗೆಪ್ಪನವರೇ ಒಳಗೆ ಇಣುಕಿ "ಯಾರರ ಅದೀರೇನ?" ಎಂದು ಕೂಗುವರು. "ನೋಡೀರೇನಣ್ಣಾ?" ಎಂದು ಗುರುನಾಥರು ಕೇಳುವರು. "ನೋಡೀನಿ, ನೀನೂ ಒಮ್ಮೆ ನೋಡು" ಎಂದು ಅವರು. ಆಮೇಲೆಯೇ ಕೀಲಿಕೈ.

ಈಗ ನಾನು ಬಾಗಲಕೋಟೆ ರಸ್ತೆಯ ಒಂದು ಗುಜರಿಯಲ್ಲಿ ಮಲಗಿದ್ದೇನೆ. ಸಂಘಕ್ಕೆ ಹೊಸ ಕಟ್ಟಡ, ಹೊಸ ಬಾಗಿಲು. ಒಳಗಿನಿಂದಲೂ ತೆರೆಯಲು ಅದಕ್ಕೊಂದು ಹಿಡಿಕೆ ಇದೆಯಂತೆ. ಕೇಳಿ ಸಮಾಧಾನವಾಯಿತು. ನನ್ನ ಒಳಮೈ ಆಕಾಶಕ್ಕೆ ಮುಖ ಮಾಡಿದೆ. ಮೊನ್ನೆ ಗುಜರಿಯವನು ಸಮೆಯ ಕುಳಿಗಳ ಮೇಲೆ ಬೆರಳಾಡಿಸಿ, "ಕಳ್ಳರು ಬಡದಾರ ನೋಡಲೇ" ಎಂದು ಜೊತೆಯವನಿಗೆ ತೋರಿಸಿದ. ಆಮೇಲೆ ನನ್ನನ್ನು ಹೊರಳಿಸಿ, ಕೀಲಿಗಂಡಿಗಳು ಆ ಮಗ್ಗುಲಲ್ಲಿರುವುದನ್ನು ಕಂಡು, ಕುಳಿ ಬಿದ್ದದ್ದು ಒಳಬದಿಗೆ ಎಂದು ತಿಳಿದು, ಬೆರಳು ಹಿಂದೆಗೆದುಕೊಂಡ.

ನನ್ನ ಆಚೆಗೂ ಬಯಲು, ಈಚೆಗೂ ಬಯಲು. ಕಾಯುವುದಕ್ಕೆ ಏನೂ ಉಳಿದಿಲ್ಲ. ಆದರೂ ಯಾರಾದರೂ ದಾರಿಯಲ್ಲಿ ಹೋಗುತ್ತ ನನ್ನ ಮೇಲೊಂದು ಪೆಟ್ಟು ಹಾಕಿದರೆ ಇಂದಿಗೂ ಬೆಚ್ಚಿಬೀಳುತ್ತೇನೆ. ಬಡಿದದ್ದು ಯಾರೆಂದು ಕೇಳಿಕೊಳ್ಳುವುದಿಲ್ಲ, ಯಾವ ಕಡೆಯಿಂದ ಎಂದು ಕೇಳಿಕೊಳ್ಳುತ್ತೇನೆ.